ಹವ್ಯಾಸಿ ಖಗೋಳ ಸಂಘಗಳು ಮತ್ತು ರೋಣ ಸೀಮೆಯ ಆಕಾಶ
ವೃತ್ತಿಯಿಂದ ಜ್ಯೋತಿರ್ವಿಜ್ಞಾನಿಗಳಲ್ಲದವರು ಸಮಾನಾಸಕ್ತರೊಡಗೂಡಿ ನಭೋಮಂಡಲವನ್ನು ಕ್ರಮಬದ್ಧವಾಗಿ ಅವಲೋಕಿಸುವ ಪರಿಪಾಟಿಗೆ, 1976ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರ ಸಂಘವು ಕರ್ನಾಟಕದಲ್ಲಿ ಗಣನೀಯ ನಿದರ್ಶನವಾಗಿದೆ. ಮಹಾನಗರದ ದೀಪಪ್ರಭೆಯಿಂದ ದೂರವಿರುವ, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯ ಬಯಲು ಇಂಥ ವೀಕ್ಷಣೆಗೆ ಅತ್ಯಂತ ಪ್ರಶಸ್ತವಾದುದು. ಇಲ್ಲಿ ಧ್ರುವನಕ್ಷತ್ರವು ಉತ್ತರ ಕ್ಷಿತಿಜದಿಂದ ಸುಮಾರು 16 ಡಿಗ್ರಿಯಷ್ಟೇ ಮೇಲಿರುವುದರಿಂದ ದಕ್ಷಿಣಾಕಾಶವು ಉದಾರವಾಗಿ ತೆರೆದುಕೊಳ್ಳುತ್ತದೆ. ಲಂಡನ್ನಿನಲ್ಲಿ ಎಂದೂ ಉದಯಿಸದ ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ತಾರಾಗುಚ್ಛವು ವೈಶಾಖದ ರಾತ್ರಿಗಳಲ್ಲಿ ಸುಮಾರು 27 ಡಿಗ್ರಿ ಎತ್ತರಕ್ಕೇರಿ, ಸಾಧಾರಣ ಬೈನಾಕ್ಯುಲರಿನಲ್ಲಿಯೂ ಮಸುಕಾದ ಬೆಳಕಿನ ಉಂಡೆಯಂತೆ ಗೋಚರಿಸುತ್ತದೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ಛಾಯಾಪಥವು ಗದಗ, ರಾಯಚೂರುಗಳ ಮೇಲೆ ಹಾದು, ದೂರದೂರದ ವಿಜ್ಞಾನಿಗಳನ್ನು ಈ ಸೀಮೆಗೆ ಸೆಳೆದಿತ್ತು.

ಸಂಘದ ವೀಕ್ಷಣಾಕೂಟವನ್ನು ಸೇರುವ ನೂತನ ಸದಸ್ಯನು ದೂರದರ್ಶಕವನ್ನು ಕೊಳ್ಳಲು ಆತುರಪಡಬೇಕಾದುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕಾಗುವುದರಿಂದ ಕೆಂಪು ಕಾಗದ ಹೊದಿಸಿದ ಮಂದದೀಪವನ್ನೇ ಬಳಸಿ, ಮೊದಲು ಬರಿಗಣ್ಣಿನಿಂದ ರಾಶಿಗಳನ್ನು ಗುರುತಿಸಿ, ತರುವಾಯ ಹೊಳಪು ಏರಿಳಿಯುವ ಚಂಚಲತಾರೆಗಳ ಕಾಂತಿಯನ್ನು ನೆರೆಯ ಸ್ಥಿರಕಾಂತಿಯ ತಾರೆಗಳೊಡನೆ ಹೋಲಿಸಿ, ದಿನಾಂಕ ಮತ್ತು ವೇಳೆಗಳೊಡನೆ ಬರೆದಿಡುವುದು ಉಚಿತ. ಇಂಥ ದಾಖಲೆಗಳನ್ನು ವೃತ್ತಿಪರ ಸಂಶೋಧಕರೂ ಉಪಯೋಗಿಸಿಕೊಳ್ಳುತ್ತಾರೆ.