ಅಯಸ್ಕಾಂತವೂ ಮಿದುಳಿನ ತಾಳವೂ

ಮಿದುಳು ಸುಮ್ಮನಿರುವಾಗಲೂ ಒಳಗೊಳಗೇ ಒಂದು ತಾಳ ಹಾಕುತ್ತಿರುತ್ತದೆ. ಮನುಷ್ಯರಲ್ಲಿ ಇದನ್ನು ಮೊದಲು ಗುರುತಿಸಿದವನು ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹಾನ್ಸ್ ಬರ್ಗರ್. ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಮುಟ್ಟುವುದೆಂದು ನಂಬಿ ಹುಡುಕಹೊರಟವನು ಆತ. ಕೈಗೆ ಸಿಕ್ಕಿದ್ದು ಬೇರೆಯೇ. 1924ರಲ್ಲಿ ಕಂಡದ್ದನ್ನು 1929ರವರೆಗೆ ಪ್ರಕಟಿಸಲಿಲ್ಲ. ಕಣ್ಣು ಮುಚ್ಚಿ ವಿಶ್ರಮಿಸುವವನ ತಲೆಯಲ್ಲಿ ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ವಿದ್ಯುತ್ ಅಲೆಗಳಿಗೆ ‘ಆಲ್ಫಾ’ ಎಂದು ಹೆಸರಿಟ್ಟ. ವಿದ್ವಾಂಸರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಾವೇ ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಲೋಕ ತಲೆದೂಗಿತು.

ಈ ತಾಳವನ್ನು ಹೊರಗಿನಿಂದ ತಿದ್ದಬಹುದೇ? ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಫ್ಯಾರಡೆ 1831ರಲ್ಲೇ ತೋರಿಸಿದ್ದ. ಅದನ್ನು ಮಿದುಳಿಗೆ ಅನ್ವಯಿಸಿ ಗೆದ್ದವನು ಇಂಗ್ಲೆಂಡಿನ ಷೆಫೀಲ್ಡಿನ ಆಂಥೊನಿ ಬಾರ್ಕರ್. ಅದು 1985ರ ಮಾತು. ನೆತ್ತಿಯ ಮೇಲೆ ತಂತಿಯ ಸುರುಳಿ ಹಿಡಿದು ಕ್ಷಣಾರ್ಧದ ಪ್ರವಾಹ ಹರಿಸಿದರೆ ಕೈಬೆರಳು ತಾನಾಗಿ ಅಲುಗುತ್ತದೆ. ತಲೆಬುರುಡೆಗೆ ಕಾಂತಶಕ್ತಿಯನ್ನು ತಡೆಯುವ ಬಲವಿಲ್ಲ.

ಆದರೆ ಆ ಕ್ಷಣದಲ್ಲಿ ಅಲೆಗಳಿಗೆ ಏನಾಯಿತೆಂದು ಅಳೆಯುವುದೇ ಪೇಚು. ಅಯಸ್ಕಾಂತದ ಗುಡುಗಿನಲ್ಲಿ ಮಿದುಳಿನ ಪಿಸುಮಾತು ಮುಳುಗಿಹೋಗುತ್ತಿತ್ತು. 1997ರಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಅದಕ್ಕೆ ಒಗ್ಗುವ ಉಪಕರಣ ಬಳಸಿ ಎರಡನ್ನೂ ಒಟ್ಟಿಗೆ ನಡೆಸಿದರು. ಆಮೇಲೆ ಸ್ವಾರಸ್ಯಗಳು ಒಂದೊಂದಾಗಿ ಹೊರಬಿದ್ದವು. ಗಾಢನಿದ್ರೆಯಲ್ಲಿ ಕೊಟ್ಟ ತಟ್ಟು ದೂರ ಹರಡದೆ ಅಲ್ಲಿಯೇ ಆರಿಹೋಗುತ್ತದೆಂದು 2005ರಲ್ಲಿ ತಿಳಿಯಿತು. 2009ರಲ್ಲಿ ಇಟಲಿಯವರು, ತಲೆಯ ಹಿಂಭಾಗಕ್ಕೆ ತಟ್ಟಿದರೆ ಆಲ್ಫಾ ಅಲೆ, ಮುಂಭಾಗಕ್ಕೆ ತಟ್ಟಿದರೆ ಅದಕ್ಕಿಂತ ಚುರುಕಾದ ಅಲೆ ಏಳುವುದೆಂದು ಕಂಡರು. ಮೃದಂಗದ ಎಡಮುಖಕ್ಕೂ ಬಲಮುಖಕ್ಕೂ ನಾದ ಬೇರೆಯಿದ್ದಂತೆ. 2011ರಲ್ಲಿ ಗ್ಲಾಸ್ಗೋದ ಪ್ರಯೋಗದಲ್ಲಿ, ವ್ಯಕ್ತಿಯ ಸ್ವಂತ ಆಲ್ಫಾ ಗತಿಯಲ್ಲಿಯೇ ತಟ್ಟುಗಳನ್ನು ಕೊಟ್ಟಾಗ ಆ ಅಲೆ ಬಲಗೊಂಡಿತು. ಮಿದುಳು ಹೊರಗಿನ ತಾಳಕ್ಕೆ ಮೇಳೈಸುವುದು ತನ್ನದೇ ತಾಳಕ್ಕೆ ಅದು ಹೊಂದಿದಾಗ, ಎಂದಾಯಿತು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲುಂಟು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರ ಡಿಸೆಂಬರಿನಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಅನ್ಯರ ಚಲನೆಯನ್ನು ನೋಡಿದಾಗ ಮಿದುಳಿನ ಚಲನಾಭಾಗ ಎಷ್ಟು ಚುರುಕಾಗುವುದೆಂದು ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಅಯಸ್ಕಾಂತದಿಂದಲೇ ಅಳೆದ ಅಲ್ಲಿನ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೂ ಈ ಉಪಕರಣ ಅಲ್ಲಿ ಬಳಕೆಯಲ್ಲಿದೆ.

ಚಿಕಿತ್ಸೆಯೆಂದರೆ ಖಿನ್ನತೆಗೆ ಮುಖ್ಯವಾಗಿ. ಅಮೆರಿಕದ ಸರ್ಕಾರ ಅದಕ್ಕೆ 2008ರಲ್ಲಿ ಒಪ್ಪಿಗೆಯಿತ್ತಿತು. ಅಲೆ ಬದಲಾಯಿತೆಂದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ವಾಚಕರು ತಿಳಿಯಬಾರದು. ಒಂದು ಸರದಿಯ ಪರಿಣಾಮ ಸಾಮಾನ್ಯವಾಗಿ ಗಂಟೆಯೊಳಗೆ ಇಳಿಯುತ್ತದೆ. ಒಬ್ಬರಲ್ಲಿ ಏರಿದ ಪ್ರತಿಕ್ರಿಯೆ ಇನ್ನೊಬ್ಬರಲ್ಲಿ ತಗ್ಗುವುದೂ ಉಂಟು. ಆದ್ದರಿಂದಲೇ ವಾರಕ್ಕೆ ಐದು ದಿನದಂತೆ ನಾಲ್ಕಾರು ವಾರ ತಟ್ಟಬೇಕು. ಪ್ರಾಣಿಗಳ ಮಿದುಳಿನ ‘ಥೀಟಾ’ ಲಯವನ್ನು ಅನುಕರಿಸಿ 2005ರಲ್ಲಿ ರೂಪಿಸಿದ ಕ್ರಮದಿಂದ ಸರದಿಯ ಅವಧಿ ಮೂವತ್ತೇಳು ನಿಮಿಷದಿಂದ ಮೂರಕ್ಕಿಳಿಯಿತು. 414 ರೋಗಿಗಳ ಮೇಲೆ ಕೆನಡಾದವರು ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದು ಹಳೆಯ ಕ್ರಮಕ್ಕೆ ಕಡಿಮೆಯೇನೂ ಆಗಲಿಲ್ಲ.

ಆಸ್ಪತ್ರೆಗೆ ಇದು ದೊಡ್ಡ ಉಳಿತಾಯ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ರೋಗಿಯೊಬ್ಬ ಇದಕ್ಕೆಂದು ನಿಮ್ಹಾನ್ಸಿಗೆ ಬರುವುದಾದರೆ ಮುನ್ನೂರು ಕಿಲೋಮೀಟರು ಪಯಣಿಸಿ, ತಿಂಗಳಿಗೂ ಮಿಕ್ಕು ಬೆಂಗಳೂರಿನಲ್ಲಿ ಬಾಡಿಗೆಗಿದ್ದು, ದಿನವೂ ಆ ಮೂರು ನಿಮಿಷಕ್ಕಾಗಿ ಸಾಲಿನಲ್ಲಿ ಕೂರಬೇಕು.