ತಾನಾಗಿಯೇ ಕಪ್ಪಾಗುವ ವೆಲ್ಡಿಂಗ್ ಹೆಲ್ಮೆಟ್: ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್, ಕುಂಟೆ, ಕೂರಿಗೆ, ಗೇಟು, ಗ್ರಿಲ್‌ಗಳ ತಯಾರಿಕೆ ಮತ್ತು ದುರಸ್ತಿ ನಡೆಯುವುದು ಹೆಚ್ಚಾಗಿ ಒಬ್ಬಿಬ್ಬರು ದುಡಿಯುವ ವೆಲ್ಡಿಂಗ್ ಅಂಗಡಿಗಳಲ್ಲಿ. ಕಣ್ಣಿನ ರಕ್ಷಣೆಯ ಸಾಧನ ಒದಗಿಸುವಂತೆ 1948ರ ಕಾರ್ಖಾನೆಗಳ ಅಧಿನಿಯಮದ 35ನೇ ಪ್ರಕರಣವು ವಿಧಿಸಿದ್ದುದು ಕಾರ್ಖಾನೆಗಳಿಗೆ. ಇಂತಹ ಸಣ್ಣ ಅಂಗಡಿಗಳಲ್ಲಿ ಹೆಲ್ಮೆಟ್ಟಿನ ಆಯ್ಕೆ ದುಡಿಯುವವರದೇ ಆಗಿದೆ.

ಕೈಯಲ್ಲಿ ಹಿಡಿಯುವ ಪರದೆಯಿಂದ ಒಂದು ಕೈ ಕಟ್ಟಿಹಾಕಿದಂತಾಗುತ್ತದೆ. ಆದ್ದರಿಂದ ಟ್ಯಾಕ್ ಹಾಕುವಾಗ ಪರದೆಯನ್ನು ಬದಿಗಿಟ್ಟು ಕಣ್ಣು ಮುಚ್ಚಿಕೊಳ್ಳುವ ರೂಢಿ ಬೆಳೆದಿದೆ. ತಾನಾಗಿಯೇ ಕಪ್ಪಾಗುವ ಹೆಲ್ಮೆಟ್ ಈ ತೊಂದರೆಯನ್ನು ನಿವಾರಿಸುತ್ತದೆ. ಇದರ ಗಾಜಿನಲ್ಲಿರುವ ದ್ರವಸ್ಫಟಿಕ ಪದರವು ಆರ್ಕ್ ಹೊತ್ತಿದೊಡನೆ 3 ಅಥವಾ 4ನೇ ಛಾಯೆಯಿಂದ 9 ರಿಂದ 13ರವರೆಗಿನ ಛಾಯೆಗೆ ಬದಲಾಗುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ವೇಗದ ಅಂಕಿಯನ್ನೇ ನೋಡಿ ಖರೀದಿಸುವುದು ಸರಿಯಲ್ಲ. ಕಣ್ಣನ್ನು ಸುಡುವುದು ಮುಖ್ಯವಾಗಿ ಕಾಣದ ಅತಿನೇರಳೆ ಕಿರಣ. ಪ್ರಮಾಣಿತ ಫಿಲ್ಟರಿನಲ್ಲಿ ಈ ಕಿರಣವನ್ನು ತಡೆಯುವ ಪದರ ಪ್ರತ್ಯೇಕವಾಗಿದ್ದು, ಸೆಲ್ ಸತ್ತರೂ ಕೆಲಸ ಮಾಡುತ್ತದೆ. ಅಗ್ಗದ ಗಾಜಿನಲ್ಲಿ ಅದು ಇದೆಯೇ ಎಂಬುದು ಬರಿಗಣ್ಣಿಗೆ ತಿಳಿಯದು. ಆದುದರಿಂದ ಫಿಲ್ಟರಿನ ಮೇಲೆಯೇ ತಯಾರಕರ ಹೆಸರು, ಛಾಯೆಯ ಸಂಖ್ಯೆ ಮತ್ತು ಮಾನಕದ ಗುರುತು (ಇಎನ್ 379, ಹೊಸದರಲ್ಲಿ ಐಎಸ್‌ಒ 16321) ಕೆತ್ತಿರುವುದನ್ನು ನೋಡತಕ್ಕದ್ದು. ಪೆಟ್ಟಿಗೆಯ ಮೇಲಿನ ಗುರುತೊಂದೇ ಸಾಲದು.

ಎರಡು ಸಂವೇದಕಗಳಿರುವ ಹೆಲ್ಮೆಟ್ ಮೇಜಿನ ಮೇಲಿನ ಕೆಲಸಕ್ಕೆ ಸಾಕಾಗಬಹುದು. ಟ್ರೇಲರಿನ ಅಡಿಯಲ್ಲಿ ಮಲಗಿ ಬೆಸೆಯುವಾಗ ಚಾಸಿ ಅಡ್ಡ ಬಂದು ಸಂವೇದಕ ಮರೆಯಾದರೆ ಗಾಜು ನಡುವೆಯೇ ತಿಳಿಯಾಗುತ್ತದೆ. ಅಂತಹ ಕೆಲಸಕ್ಕೆ ನಾಲ್ಕು ಸಂವೇದಕಗಳಿರುವುದು ಸೂಕ್ತ. ಸೌರಫಲಕವಿದ್ದರೂ ಹೆಚ್ಚಿನವುಗಳಲ್ಲಿ ಲಿಥಿಯಂ ಸೆಲ್ ಇರುತ್ತದೆ. ಅದನ್ನು ಬದಲಿಸಲು ಬರುವುದೇ ಎಂದು ವಿಚಾರಿಸಬೇಕು.

ಸಾಧ್ಯವಾದಲ್ಲಿ ಕಡಿಮೆ ಆಂಪಿಯರ್‌ನಲ್ಲಿ ನಿಜವಾದ ಆರ್ಕ್ ಹೊಡೆದು ಪರೀಕ್ಷಿಸಬೇಕು. ಗಾಜು ಮಿಣುಕಿದರೆ ತಿರಸ್ಕರಿಸಬೇಕು. 80 ರಿಂದ 175 ಆಂಪಿಯರ್‌ಗೆ 10 ಇಲ್ಲವೇ 11ನೇ ಛಾಯೆ ಸಾಮಾನ್ಯವಾಗಿ ಹೊಂದುತ್ತದೆ. ಗ್ರೈಂಡಿಂಗ್ ಸ್ಥಿತಿಯಲ್ಲಿ ಗಾಜು ಕಪ್ಪಾಗುವುದಿಲ್ಲವಾದ್ದರಿಂದ ವೆಲ್ಡಿಂಗ್ ಆರಂಭಿಸುವ ಮುನ್ನ ಗುಂಡಿಯನ್ನು ಮರಳಿ ತಿರುಗಿಸಲು ಮರೆಯಬಾರದು.

ಆರ್ಕ್ ತಗುಲಿದ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಕಣ್ಣಲ್ಲಿ ಉಸುಕು ಬಿದ್ದಂತಾಗಿ ನೀರು ಸುರಿಯುತ್ತದೆ. ಆಗ ಹಾಲು ಹಾಕುವುದಾಗಲೀ, ಔಷಧಿ ಅಂಗಡಿಯಿಂದ ಮರಗಟ್ಟಿಸುವ ಹನಿ ತಂದು ಮೇಲಿಂದ ಮೇಲೆ ಬಿಡುವುದಾಗಲೀ ಸಲ್ಲದು. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಬೇಕು.