ಘಾಟಿ ಇಳಿಯುವವನಿಗೆ ಹೇಳುವ ಮಾತು
ಬೈಕ್ ಸವಾರರ ಅನುಭವಜ್ಞಾನ ಬೆಳೆದು ಬಂದ ದಾರಿ

ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದ ಹಿರಿಯರೊಬ್ಬರು ಹೊರಗೆ ನಿಲ್ಲಿಸಿದ್ದ ನನ್ನ ಗಾಡಿಯನ್ನು ನೋಡಿ ಒಂದು ಮಾತು ಹೇಳಿದ್ದರು: ‘ಘಾಟಿಯಲ್ಲಿ ರೇಸ್ ಪೂರ್ತಿ ಬಿಟ್ಕೊಂಡು ಇಳೀಬೇಡ ಮಾರಾಯ, ನಡುನಡುವೆ ಒಂಚೂರು ಕೊಡ್ತಾ ಇರು.’ ಪೆಟ್ರೋಲ್ ಉಳಿಸುವ ಹುಮ್ಮಸ್ಸಿನಲ್ಲಿದ್ದ ನಾನು ಕೇಳಲಿಲ್ಲ. ಚಾರ್ಮಾಡಿ ಅರ್ಧ ಇಳಿಯುವಷ್ಟರಲ್ಲಿ ಹಿಂದಿನ ಚಕ್ರ ಕಿರ್ರೆಂದು ಜಾರಿತು. ಕೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದೆ. ಎಂಜಿನ್ ಸೀಜ್ ಆಗಿತ್ತು.

ಅದು ಹಳೆಯ ಟು-ಸ್ಟ್ರೋಕ್ ಗಾಡಿ. ಅದರ ಪಿಸ್ಟನ್ನಿಗೆ ಬೇರೆ ಆಯಿಲ್ ಇರುವುದಿಲ್ಲ, ಪೆಟ್ರೋಲಿಗೆ ಬೆರೆಸಿದ್ದೇ ಅದಕ್ಕೆ ಜಿಡ್ಡು. ರೇಸ್ ಬಿಟ್ಟರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲ್ ಹೋಗದಿದ್ದರೆ ಆಯಿಲೂ ಹೋಗುವುದಿಲ್ಲ. ಆದರೆ ಇಳಿಜಾರು ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಒಣಗಿದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಲು ಅಷ್ಟು ಸಾಕು.

ಇವತ್ತು ಫೋರ್-ಸ್ಟ್ರೋಕ್ ಗಾಡಿಯಲ್ಲಿ ಅದೇ ಘಾಟಿಗೆ ಹೊರಟವನಿಗೆ ಹೇಳಬೇಕಾದ್ದು ಇದಕ್ಕೆ ತದ್ವಿರುದ್ಧ. ಸಣ್ಣ ಗೇರಿಗೆ ಹಾಕು, ರೇಸ್ ಪೂರ್ತಿ ಬಿಡು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಘಾಟಿಯೂ ಅದೇ, ಇಳಿಜಾರೂ ಅದೇ, ಬುದ್ಧಿಮಾತು ಮಾತ್ರ ತಲೆಕೆಳಗು. ಬೈಕ್ ಓಡಿಸುವವರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದ ತಿಳಿವಳಿಕೆಯ ಚರಿತ್ರೆಯನ್ನು ಹೀಗೆ ಓದಬೇಕು ಎಂದು ನನಗನ್ನಿಸುತ್ತದೆ. ಯಾವ ಮಾತು ಯಾವ ಗಾಡಿಗೆ, ಯಾವ ರಸ್ತೆಗೆ ಹುಟ್ಟಿತು ಎಂದು ತಿಳಿಯದೆ ಅದನ್ನು ಮುಂದಿನವರಿಗೆ ದಾಟಿಸಿದರೆ ಅಪಾಯ.

ಕರ್ನಾಟಕದಲ್ಲಿ ಈ ಕಥೆ ಶುರುವಾಗುವುದು ಮೈಸೂರಿನ ಯಾದವಗಿರಿಯಿಂದ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕ್ ದೇಶದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಅದರ ಕಿಕ್ಕರೇ ಒಂದು ಪಾಠ. ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಅದು ಗೇರ್ ಸನ್ನೆ. ಹೊಸಬ ತಬ್ಬಿಬ್ಬಾಗುತ್ತಿದ್ದ, ಪಕ್ಕದ ಮನೆಯವರು ಬಂದು ತೋರಿಸಿಕೊಡುತ್ತಿದ್ದರು. ಲೀಟರಿಗೆ ಸುಮಾರು 40 ಮಿಲಿಲೀಟರ್ ಆಯಿಲ್ ಬೆರೆಸುವುದು, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು ಬಾಯಿಂದ ಬಾಯಿಗೆ ಬಂದ ವಿದ್ಯೆ. ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲೋ ಪೆಟ್ರೋಲೋ ಹೆಚ್ಚು, ಬಿಳಿಚಿಕೊಂಡಿದ್ದರೆ ಎಂಜಿನ್ ಕಾಯುತ್ತಿದೆ ಎಂದರ್ಥ. ಗಾಡಿಯ ಡಿಕ್ಕಿಯಲ್ಲಿ ಒಂದು ಸ್ಪೇರ್ ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್, ಒರಸಲು ಹಳೆ ಬನಿಯನ್ ತುಂಡು ಇಲ್ಲದ ಸವಾರ ಇರಲಿಲ್ಲ.

ಮದ್ರಾಸಿನ ಬುಲೆಟ್ಟಿನದು ಬೇರೆಯೇ ಶಾಸ್ತ್ರ. 1955ರಲ್ಲಿ ಅಲ್ಲಿ ತಯಾರಾಗತೊಡಗಿದ ಆ ಗಾಡಿಯ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಸ್ಟಾರ್ಟ್ ಮಾಡುವ ಕ್ರಮವನ್ನು ಒಬ್ಬ ಮೇಸ್ತ್ರಿ ನನಗೆ ಮೂರು ಸಲ ಮಾಡಿ ತೋರಿಸಿದ್ದರು. ಕೀ ಹಾಕು. ಕಿಕ್ಕರನ್ನು ಮೆಲ್ಲಗೆ ಒತ್ತು, ಹೊಡೆಯಬೇಡ. ಹೆಡ್‌ಲೈಟ್ ಮೇಲಿನ ಆಂಪ್ ಮೀಟರಿನ ಮುಳ್ಳು ಎಡಕ್ಕೆ ವಾಲಿರುವುದು ನಡುವಿಗೆ ಬರುತ್ತದೆ, ಅಲ್ಲಿ ನಿಲ್ಲಿಸು. ಈಗ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಒತ್ತಿಕೊಂಡು ಕಿಕ್ಕರನ್ನು ಒಂಚೂರು ಕೆಳಗಿಳಿಸು, ಬಿಡು, ಮೇಲೆ ಬರಲಿ. ಈಗ ಹೊಡಿ. ಮುಳ್ಳು ನಡುವಿಗೆ ಬಂತೆಂದರೆ ಪಾಯಿಂಟ್ ತೆರೆದಿದೆ, ಪಿಸ್ಟನ್ ತುದಿಯ ಹತ್ತಿರ ಇದೆ ಎಂದು ಲೆಕ್ಕ. ಈ ಕ್ರಮ ತಪ್ಪಿದರೆ ಕಿಕ್ಕರ್ ಎದುರೇಟು ಕೊಟ್ಟು ಮೀನಖಂಡ ಒಡೆಯುತ್ತಿತ್ತು. ಮೇಸ್ತ್ರಿ ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕಾರಣ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಆ ಕಾಲದ ಕಲಿಕೆಯ ಬಲವೂ ಕೊರತೆಯೂ ಅದೇ: ಕೈ ಕಲಿಯುತ್ತಿತ್ತು, ತಲೆಗೆ ಅದು ತಲುಪುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಜಪಾನಿನ ಕೈಹಿಡಿದು ನೂರು ಸಿ.ಸಿ. ಗಾಡಿಗಳು ಬಂದವು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, ಮರುವರ್ಷ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಾಹಾ ಆರ್.ಎಕ್ಸ್. 100. ಮಾತಿನ ವಿಷಯ ಒಮ್ಮೆಲೇ ಬದಲಾಯಿತು. ‘ಹೇಗೆ ಸ್ಟಾರ್ಟ್ ಆಗುತ್ತೆ’ ಹೋಗಿ ‘ಎಷ್ಟು ಕೊಡುತ್ತೆ’ ಬಂತು. ಕಂಪನಿ ಹೇಳಿದ ಮೈಲೇಜ್ ಒಂದು, ಕೈಗೆ ಸಿಗುವುದು ಇನ್ನೊಂದು. ಇದನ್ನು ಸರಿಯಾಗಿ ಅಳೆಯುವ ದಾರಿಯನ್ನು ಸವಾರರೇ ಊರೂರಲ್ಲಿ ಬಳಕೆಗೆ ತಂದರು. ಟ್ಯಾಂಕ್ ಬಾಯಿಯವರೆಗೆ ತುಂಬಿಸಿ ಮೀಟರ್ ಬರೆದಿಟ್ಟು, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಅಷ್ಟೇ ಮಟ್ಟಕ್ಕೆ ತುಂಬಿಸಿ, ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸುವುದು. ರಿಸರ್ವಿನಿಂದ ರಿಸರ್ವಿಗೆ ಲೆಕ್ಕ ಹಾಕುವುದಕ್ಕಿಂತ ಇದು ಎಷ್ಟೋ ನಂಬಿಕೆಗೆ ಅರ್ಹ. ಸೈಡ್ ಸ್ಟ್ಯಾಂಡ್ ಹಾಕಿದಾಗ ಒಂದು ಮಟ್ಟ, ನೆಟ್ಟಗೆ ನಿಲ್ಲಿಸಿದಾಗ ಇನ್ನೊಂದು ಎಂಬುದನ್ನು ನೆನಪಿಟ್ಟರೆ ಸಾಕು. ಜನಸಾಮಾನ್ಯರು ಅಳತೆಯನ್ನು ಕೈಗೆತ್ತಿಕೊಂಡ ಒಂದು ದೊಡ್ಡ ಹೆಜ್ಜೆ ಇದೆಂದು ನಾನು ಗೌರವದಿಂದಲೇ ಹೇಳುತ್ತೇನೆ.

1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ರಸ್ತೆಯಲ್ಲೇ ಇದ್ದವು. ಅಲ್ಲಿಂದಾಚೆಗೆ ಅವುಗಳ ವಿಷಯದಲ್ಲಿ ಮಾಲೀಕರ ಅನುಭವವನ್ನು ಬಿಟ್ಟರೆ ಬೇರೆ ಆಧಾರ ಇಲ್ಲವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ, ಯಾವ ಲೇತ್‌ನವನು ಕ್ರ್ಯಾಂಕ್ ಸರಿಯಾಗಿ ಕೂರಿಸುತ್ತಾನೆ ಎಂಬುದನ್ನು ಬಲ್ಲವರು ಬೇಡಿದವರಿಗೆಲ್ಲ ಹೇಳಿಕೊಟ್ಟರು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಈ ಗಾಡಿಗಳು ಸಾಲಾಗಿ ನಿಲ್ಲುವುದನ್ನು ಬರೀ ಹಳೆಯ ಕಾಲದ ಮೋಹ ಎನ್ನುವವರಿದ್ದಾರೆ. ನನಗೆ ಅಲ್ಲಿ ಕಾಣುವುದು ಮುಚ್ಚಿದ ಕಾರ್ಖಾನೆಯ ತಿಳಿವಳಿಕೆಯನ್ನು ಹಂಚಿಕೊಂಡು ಕಾಪಾಡಿದ ಜನ.

ಹೊಸ ಶತಮಾನದಲ್ಲಿ ದೂರ ಬೆಳೆಯಿತು. 2001ರಲ್ಲಿ ಪಲ್ಸರ್ ಬಂತು, ಹೆದ್ದಾರಿಗಳು ಅಗಲವಾದವು, ಬೆಂಗಳೂರಿನ ಹುಡುಗರು ಲಡಾಖಿಗೆ ಹೊರಟರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಕಾರ್ಬ್ಯುರೇಟರ್ ಗಾಡಿಗಳು ಪೆಟ್ರೋಲ್ ಹೆಚ್ಚಾಗಿ ಕೆಮ್ಮುತ್ತವೆ, ಪ್ಲಗ್ ಕಪ್ಪಾಗುತ್ತದೆ ಎಂಬುದನ್ನು ಹೋಗಿಬಂದವರು ಬರೆದಿಟ್ಟರು. ಜೊತೆಯಲ್ಲೇ ಇನ್ನೊಂದು ಕೆಲಸವಾಯಿತು. ಖರ್ದುಂಗ್ ಲಾ ಕಣಿವೆದಾರಿ ಲೋಕದಲ್ಲೇ ಅತಿ ಎತ್ತರದ ವಾಹನ ರಸ್ತೆ, 18,380 ಅಡಿ ಎಂದು ಅಲ್ಲಿನ ಫಲಕ ಸಾರುತ್ತಿತ್ತು. ಜಿ.ಪಿ.ಎಸ್. ಹಿಡಿದು ಹೋದ ಪ್ರವಾಸಿಗಳಿಗೆ ಸಿಕ್ಕಿದ್ದು ಸುಮಾರು 5,359 ಮೀಟರ್, ಎಂದರೆ 17,600 ಅಡಿಯ ಆಸುಪಾಸು. ಸ್ಪೀಡೋಮೀಟರ್ ನಿಜಕ್ಕಿಂತ ಕೊಂಚ ಹೆಚ್ಚೇ ತೋರಿಸುತ್ತದೆ ಎಂಬುದೂ ಹೀಗೆಯೇ ಎಲ್ಲರಿಗೂ ಗೊತ್ತಾಯಿತು.

ಇನ್ನು ಬ್ರೇಕಿನ ಮಾತು. ನಮ್ಮ ತಲೆಮಾರಿಗೆ ಹಿರಿಯರು ಹೇಳಿಕೊಟ್ಟದ್ದು ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂದು. ಜಲ್ಲಿ, ಮಣ್ಣು, ಸೆಗಣಿ ಬಿದ್ದ ರಸ್ತೆಯಲ್ಲಿ ಮುಂದಿನ ಚಕ್ರ ಹಿಡಿದರೆ ಗಾಡಿ ಕಾಲಡಿಯಿಂದ ಜಾರುತ್ತಿದ್ದುದು ನಿಜ. ಆದರೆ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ನಿಲ್ಲಿಸುವ ಶಕ್ತಿ ಇರುವುದು ಮುಂದಿನ ಚಕ್ರಕ್ಕೇ. ಅಮೆರಿಕದ ಲಾಸ್ ಏಂಜಲೀಸ್ ಸೀಮೆಯಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಆಪತ್ತಿನ ಕ್ಷಣದಲ್ಲಿ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ, ಮುಂದಿನದನ್ನು ತೀರಾ ಕಡಿಮೆ ಹಿಡಿದಿದ್ದರು ಎಂಬುದು ಅದರಲ್ಲಿ ಕಂಡ ಸಂಗತಿ. ಅದರದ್ದೇ ಇನ್ನೊಂದು ಅಂಕಿ ನನ್ನನ್ನು ಬಹಳ ಕಾಲ ಕಾಡಿದೆ. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ನೂರಕ್ಕೆ 92 ಮಂದಿ ತಾವಾಗಿ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು.

ನಾವು ಕಲಿತದ್ದೂ ಹಾಗೆಯೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದರಲ್ಲಿ ಎಷ್ಟು ಪಾಲು ತಪ್ಪು ಬುದ್ಧಿಮಾತಿನದು ಎಂದು ಯಾರೂ ಎಣಿಸಲಾರರು. ಆದರೂ ‘ಮುಂದಿನ ಬ್ರೇಕ್ ಮುಟ್ಟಬೇಡ’ ಎಂಬ ಮಾತನ್ನು ಇಂದಿಗೂ ಅಪ್ಪಂದಿರು ಮಕ್ಕಳಿಗೆ ಹೇಳುವುದನ್ನು ಕೇಳಿದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. 2019ರ ಏಪ್ರಿಲಿನಿಂದ 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ. ಚಕ್ರ ಹಿಡಿದುಕೊಳ್ಳದಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಆದರೆ ಲಿವರನ್ನು ಒತ್ತಲೇ ಹೆದರುವ ಬೆರಳಿಗೆ ಅದು ಏನು ಸಹಾಯ ಮಾಡೀತು?

2020ರಲ್ಲಿ ಹೊಗೆ ಮಾಲಿನ್ಯದ ಬಿ.ಎಸ್. 6 ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮರೆಯಾಗಿದೆ. ಚೋಕ್ ಎಳೆಯುವುದು, ರಿಸರ್ವಿಗೆ ತಿರುಗಿಸುವುದು ಇಲ್ಲ. ಹಳಬರು ‘ರಿಸರ್ವ್ ಬರಲಿ, ಆಮೇಲೆ ಹಾಕಿಸೋಣ’ ಎನ್ನುತ್ತಿದ್ದರು. ಇಂದಿನ ಗಾಡಿಯಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಣ್ಣಗಿರುತ್ತದೆ. ಪದೇ ಪದೇ ತಳ ಒಣಗಿಸಿದರೆ ಕೆಡುವುದು ಅದೇ. ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಈಗ ಎಲ್ಲೆಲ್ಲೂ ಚರ್ಚೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಕೊಂಚ ಇಳಿಯುವುದು ಲೆಕ್ಕದಲ್ಲೇ ಇದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಗಾಡಿಯನ್ನು ಮೂಲೆಗೆ ನಿಲ್ಲಿಸುವ ಮಲೆನಾಡಿನವರು ಇದನ್ನು ನೆನಪಿಡಬೇಕು.

ಮಾತು ಇಷ್ಟೆಲ್ಲ ಬೆಳೆದರೂ ನನಗೆ ಕೊರತೆಯೆನಿಸುವುದು ಒಂದಿದೆ. ಹೊಸ ಗಾಡಿಯ ಮೊದಲ ಸಾವಿರ ಕಿಲೋಮೀಟರಿನ ಬಗ್ಗೆ ಮಾತಾಡುವವರು ಬೇಕಾದಷ್ಟು. ನಲವತ್ತು ಸಾವಿರ ಓಡಿಸಿದವರ ಮಾತು ಅಪರೂಪ. ಬಿದ್ದ ಕಥೆ ಇನ್ನೂ ಅಪರೂಪ. ಆಗುಂಬೆಯ ಮಳೆಯಲ್ಲಿ ಚೈನಿಗೆ ಹಾಕಿದ 90 ನಂಬರಿನ ಗೇರ್ ಆಯಿಲ್ ಎಷ್ಟು ದಿನ ನಿಂತಿತು, ಹಿಂದೆ ಹೆಂಡತಿ, ನಡುವೆ ಮಗು, ಟ್ಯಾಂಕಿನ ಮೇಲೆ ಅಕ್ಕಿಚೀಲ ಇಟ್ಟುಕೊಂಡಾಗ ತಿರುವಿನಲ್ಲಿ ಗಾಡಿ ಹೇಗೆ ನಡೆದುಕೊಂಡಿತು, ಐದಡಿ ಎತ್ತರದ ಹೆಂಗಸು ಭಾರದ ಗಾಡಿಯನ್ನು ಇಳಿಜಾರಿನಲ್ಲಿ ಹೇಗೆ ನಿಲ್ಲಿಸಿದಳು, ಇವನ್ನೆಲ್ಲ ಕನ್ನಡದಲ್ಲಿ ಬರೆದಿಡುವವರು ಬೇಕು.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಚಾರ್ಮಾಡಿ ಇಳಿಯಲು ಹೊರಟ. ಎರಡನೇ ಗೇರು, ರೇಸ್ ಬಿಡು, ತಿರುವಿಗೆ ಮೊದಲೇ ಬ್ರೇಕ್ ಮುಗಿಸು, ಬಿಳಿ ಪಟ್ಟಿಯ ಮೇಲೆ ಚಕ್ರ ಹಾಯಿಸಬೇಡ ಎಂದೆ. ಪ್ರತಿಯೊಂದಕ್ಕೂ ‘ಯಾಕೆ ಮಾವ?’ ಎಂದು ಕೇಳಿ ಕಾರಣ ತಿಳಿದುಕೊಂಡೇ ಹೊರಟ. ಎರಡು ಗಂಟೆಯ ಮೇಲೆ ಉಜಿರೆಯಿಂದ ಫೋನ್ ಬಂತು: ‘ಮಾವ, ಕೆಳಗಿನ ತಿರುವಿನಲ್ಲಿ ಗುಡ್ಡದ ಮಣ್ಣು ಜಾರಿ ರಸ್ತೆಗೆ ಬಂದಿದೆ. ಎಡಕ್ಕೆ ಹೋದ್ರೆ ಚಕ್ರ ಹೂತುಹೋಗುತ್ತೆ, ನಡುವಲ್ಲೇ ಬನ್ನಿ. ನಿಮ್ಮ ಗೆಳೆಯರಿಗೂ ಹೇಳಿ.’ ಆ ಸಂಜೆಯೇ ನಾಲ್ವರಿಗೆ ಹೇಳಿದೆ.